ಮೂರು ವರ್ಷದ ಕಾಬ್ ಕುದುರೆಯನ್ನು ಕೊಂಡು ನಾನೇ ಪಳಗಿಸಬಹುದೆ?

ಪ್ರಶ್ನೆ: ನಾನು ಶಿವಮೊಗ್ಗದವಳು. ಮದುವೆಯಾದ ಮೇಲೆ ಇಂಗ್ಲೆಂಡಿಗೆ ಬಂದು ಉತ್ತರ ಯಾರ್ಕ್‌ಶೈರ್‌ನಲ್ಲಿ ನೆಲೆಸಿದ್ದೇನೆ, ಆಸ್ಪತ್ರೆಯಲ್ಲಿ ನರ್ಸ್. ನಾಲ್ಕು ವರ್ಷಗಳಿಂದ ವಾರಕ್ಕೊಮ್ಮೆ ಸವಾರಿ ಶಾಲೆಗೆ ಹೋಗುತ್ತಿದ್ದೇನೆ, ಟ್ರಾಟ್ (ಕುದುರೆಯ ನಿಧಾನ ಓಟ), ಕ್ಯಾಂಟರ್ (ಅದಕ್ಕಿಂತ ವೇಗದ ಓಟ) ಎರಡೂ ಬರುತ್ತವೆ. ಪರಿಚಯದ ರೈತರೊಬ್ಬರಲ್ಲಿ ಕಪ್ಪು-ಬಿಳುಪು ಬಣ್ಣದ ಗಂಡು ಕಾಬ್ ಇದೆ. ವಯಸ್ಸು ಮೂರು, ಎತ್ತರ 14 ಹ್ಯಾಂಡ್ಸ್ (ಸುಮಾರು 142 ಸೆಂಟಿಮೀಟರ್), ಬೀಜ ತೆಗೆಸಿದ್ದಾರೆ. ಹಗ್ಗ ಹಿಡಿದು ನಡೆಸಬಹುದು, ಸವಾರಿ ಕಲಿಸಿಲ್ಲ. 1,800 ಪೌಂಡ್ ಕೇಳುತ್ತಿದ್ದಾರೆ. ನನ್ನೆದುರೇ ಜೀನು ಹಾಕಿ ಹುಡುಗನೊಬ್ಬನನ್ನು ಕೂರಿಸಿದರು. ಕುದುರೆ ಕಲ್ಲಿನಂತೆ ನಿಂತಿತು. ಕಾಬ್‌ಗಳು ಸಾಧು, ಅದರ ಜೊತೆಗೇ ಕಲಿಯುತ್ತಾ ಹೋಗು ಎಂದು ಗೆಳತಿ ಹೇಳುತ್ತಾಳೆ. ಸವಾರಿ ಕಲಿಸುವ ಗುರುಗಳು ಬೇಡ ಎನ್ನುತ್ತಾರೆ. ನನ್ನ ತೂಕ 72 ಕಿಲೋ. ಒಂಬತ್ತು ವರ್ಷದ ಮಗಳಿಗೂ ಸವಾರಿಯ ಆಸೆಯಿದೆ. ಕೊಳ್ಳಲೇ?

ಉತ್ತರ: ಮೊದಲು ತೀರ್ಮಾನವನ್ನೇ ಹೇಳಿಬಿಡುತ್ತೇನೆ. ನೀವು ಬರೆದಿರುವಷ್ಟನ್ನೇ ಇಟ್ಟುಕೊಂಡು ನೋಡಿದರೆ, ಈ ಕುದುರೆಯನ್ನು ಈಗ ಕೊಳ್ಳಬೇಡಿ. ಎಂದೆಂದಿಗೂ ಬೇಡ ಎನ್ನುತ್ತಿಲ್ಲ. ಕೆಲವು ಸಂಗತಿಗಳು ತಿಳಿಯಬೇಕು, ಕೆಲವು ಏರ್ಪಾಡುಗಳು ಆಗಬೇಕು. ಅವು ಆದರೆ ನನ್ನ ಉತ್ತರ ಬದಲಾಗುತ್ತದೆ. ಉತ್ತರ ಇಂಗ್ಲೆಂಡಿನಲ್ಲಿ ಕುದುರೆ ವೈದ್ಯನಾಗಿ ನಾನು ನೋಡುವ ಪ್ರಾಣಿಗಳಲ್ಲಿ ಕಾಬ್‌ಗಳೇ ಹೆಚ್ಚು. ಅವುಗಳ ಮೇಲೆ ನನಗೆ ವಿಶೇಷ ಪ್ರೀತಿಯೂ ಇದೆ. ಹಾಗಾಗಿಯೇ ಸುಲಭವಾಗಿ ‘ಹೂಂ’ ಎನ್ನಲು ಮನಸ್ಸು ಬರುವುದಿಲ್ಲ.

ನಿಮ್ಮ ಪತ್ರದಲ್ಲಿ ‘ಕಲ್ಲಿನಂತೆ ನಿಂತಿತು’ ಎಂಬ ಮಾತನ್ನು ಎರಡೆರಡು ಸಲ ಓದಿದೆ. ನೀವು ಅದನ್ನು ಗುಣವೆಂದು ಬರೆದಿದ್ದೀರಿ, ಮಾರುವವರೂ ಗುಣವೆಂದೇ ತೋರಿಸಿದ್ದಾರೆ. ನನಗೆ ಅನುಮಾನ ಹುಟ್ಟಿದ್ದು ಅಲ್ಲೇ.

ಕಾಬ್ ಎಂದರೆ ಹೆಚ್ಚಿನ ಮಟ್ಟಿಗೆ ಮೈಕಟ್ಟಿನ ಹೆಸರು. ಗಿಡ್ಡ ಬಲವಾದ ಕಾಲು, ಅಗಲ ಎದೆ, ತುಂಬಿದ ಹಿಂಭಾಗ, ದಪ್ಪ ಕತ್ತು. ವೆಲ್ಷ್ ಕಾಬ್‌ನಂತೆ ತಳಿಯಾಗಿಯೇ ದಾಖಲಾದವೂ ಇವೆ. ನೀವು ನೋಡಿರುವುದು ಗೊರಸಿನ ಮೇಲೆ ಉದ್ದ ಕೂದಲು ಇಳಿಬಿಟ್ಟ, ಜಿಪ್ಸಿ ಮತ್ತು ಟ್ರಾವೆಲರ್ ಸಮುದಾಯಗಳು ಗಾಡಿ ಎಳೆಯಲು ಬೆಳೆಸಿಕೊಂಡು ಬಂದ ಬಗೆ. ಪ್ರತಿವರ್ಷ ಜೂನ್ ಆರಂಭದಲ್ಲಿ ಕಂಬ್ರಿಯಾದ ಆ್ಯಪಲ್‌ಬಿ ಜಾತ್ರೆಗೆ ಹೋದರೆ ಈಡನ್ ನದಿಯಲ್ಲಿ ಮೈ ತೊಳೆಸಿಕೊಳ್ಳುವ, ರಸ್ತೆಯಲ್ಲಿ ಜನರ ನಡುವೆ ಗಾಡಿ ಎಳೆದುಕೊಂಡು ಟ್ರಾಟ್ ಮಾಡುವ ಇಂಥ ಕುದುರೆಗಳನ್ನು ನೋಡಬಹುದು. ಅಷ್ಟು ಗದ್ದಲದಲ್ಲಿ ಬೆದರದೆ ನಡೆಯುವ ಕುದುರೆಯನ್ನು ಕಂಡವರು ಕಾಬ್ ಹುಟ್ಟಿನಿಂದಲೇ ಸಾಧು ಎಂದುಕೊಳ್ಳುತ್ತಾರೆ. ಅದು ಅರ್ಧ ನಿಜ. ಸ್ವಭಾವದಲ್ಲಿ ನಿಧಾನ ಇರುವುದು ಹೌದು. ಆದರೆ ಹತ್ತು ವರ್ಷದ ಕಾಬ್ ಲಾರಿಯ ಪಕ್ಕದಲ್ಲಿ ತಣ್ಣಗೆ ನಡೆದರೆ ಅದರ ಹಿಂದೆ ಯಾರೋ ವರ್ಷಗಟ್ಟಲೆ ಮಾಡಿದ ಕೆಲಸವಿದೆ. ಮೂರು ವರ್ಷದ ಮರಿಗೆ ಆ ಕೆಲಸ ಇನ್ನೂ ಆಗಿಲ್ಲ. ಗೆಳತಿ ಹೊಗಳುತ್ತಿರುವುದು ಮೊದಲನೆಯದನ್ನು, ನೀವು ಕೊಳ್ಳಲು ಹೊರಟಿರುವುದು ಎರಡನೆಯದನ್ನು.

ಕುಣಿಗಲ್‌ನಂಥ ಕಡೆ ಹುಟ್ಟಿ ಬೆಂಗಳೂರಿನ ರೇಸುಗಳಲ್ಲಿ ಓಡುವ ಥರೋಬ್ರೆಡ್‌ಗಳನ್ನು ನೀವು ನೋಡಿರಬಹುದು. ಹೆದರಿದ ಥರೋಬ್ರೆಡ್ ಅದನ್ನು ಮುಚ್ಚಿಡುವುದಿಲ್ಲ: ಕುಣಿಯುತ್ತದೆ, ಬೆವರುತ್ತದೆ, ಓಡುತ್ತದೆ. ಹೆದರಿದ ಕಾಬ್ ಬಹಳ ಸಲ ಹಾಗೆ ಮಾಡುವುದಿಲ್ಲ. ನಿಂತುಬಿಡುತ್ತದೆ. ಮೈಯೆಲ್ಲ ಬಿಗಿದು, ಆದದ್ದಾಗಲಿ ಎಂಬಂತೆ ಒಳಗೇ ಮುದುಡಿಕೊಳ್ಳುತ್ತದೆ. ನೋಡುವವರಿಗೆ ಅದು ಶಾಂತಿಯಂತೆ ಕಾಣುತ್ತದೆ. ಅಪಾಯ ಇರುವುದು ಅದಾದ ಮುಂದಿನ ಕ್ಷಣದಲ್ಲಿ. ಸವಾರ ಒಂದು ಹೆಜ್ಜೆ ಮುಂದಿಡು ಎಂದಾಗ, ಬೆನ್ನ ಮೇಲಿನ ಭಾರ ಅಲುಗಿದಾಗ, ಅಷ್ಟು ಹೊತ್ತು ಅದುಮಿಟ್ಟುಕೊಂಡಿದ್ದ ಭಯ ಒಮ್ಮೆಲೇ ಹೊರಬೀಳುತ್ತದೆ. ‘ಯಾವ ಸೂಚನೆಯೂ ಇಲ್ಲದೆ ಬೀಳಿಸಿತು’ ಎಂದು ಆಮೇಲೆ ದೂರುವವರ ಕುದುರೆ ಸೂಚನೆ ಕೊಟ್ಟಿರುತ್ತದೆ, ಅದನ್ನು ಓದಿದವರು ಇರುವುದಿಲ್ಲ.

ಹಾಗಾದರೆ ನಿಜವಾದ ಶಾಂತಿಯನ್ನು ಗುರುತಿಸುವುದು ಹೇಗೆ? ಮುಂದಿನ ಸಲ ಹೋದಾಗ ಜೀನು ಹಾಕುವುದಕ್ಕೆ ಮುಂಚೆಯೇ ಮುಖದ ಪಕ್ಕ ಎರಡು ಮಾರು ದೂರದಲ್ಲಿ ನಿಂತು ನೋಡಿ. ನಿರಾಳವಾಗಿರುವ ಕುದುರೆ ಕಣ್ಣು ಮಿಟುಕಿಸುತ್ತಿರುತ್ತದೆ. ಒಂದು ಕಿವಿ ನಿಮ್ಮ ಕಡೆ, ಇನ್ನೊಂದು ಅಂಗಳದ ಸದ್ದಿನ ಕಡೆ ತಿರುಗುತ್ತದೆ. ಕೆಳತುಟಿ ಸಡಿಲವಾಗಿರುತ್ತದೆ. ಹಿಂಗಾಲೊಂದನ್ನು ಮಡಿಸಿ ವಿಶ್ರಾಂತಿಗೆ ಬಿಡುತ್ತದೆ, ಸ್ವಲ್ಪ ಹೊತ್ತಿಗೆ ಭಾರವನ್ನು ಬದಲಿಸುತ್ತದೆ. ಜೀನು ಬೆನ್ನ ಮೇಲೆ ಬಂದರೆ ತಲೆ ತಿರುಗಿಸಿ ಅದೇನೆಂದು ಮೂಸುತ್ತದೆ. ಹೆದರಿ ಹೆಪ್ಪುಗಟ್ಟಿದ ಕುದುರೆಯ ರೆಪ್ಪೆ ಅಲುಗುವುದಿಲ್ಲ, ಕಣ್ಣಿನ ಮೇಲೆ ಚೂಪಾದ ಸುಕ್ಕು ಮೂಡುತ್ತದೆ, ಮೂಗಿನ ಹೊಳ್ಳೆ ಬಿಗಿಯುತ್ತದೆ, ಗಲ್ಲ ಗಂಟಾಗುತ್ತದೆ. ಕಿವಿಗಳು ಹಿಂದಕ್ಕೆ ತಿರುಗಿ ಅಲ್ಲೇ ನಾಟಿಕೊಂಡಿರುತ್ತವೆ. ಬಾಲ ಒಳಕ್ಕೆ ಒತ್ತಿಕೊಂಡಿರುತ್ತದೆ. ಪಕ್ಕೆಯನ್ನು ಗಮನಿಸಿ: ಉಸಿರು ಮೇಲೆ ಮೇಲೆಯೇ ಆಡುತ್ತಿರುತ್ತದೆ. ನಾಲ್ಕು ಕಾಲುಗಳೂ ನೆಲಕ್ಕೆ ಊರಿರುತ್ತವೆ.

ಇನ್ನೊಂದು ಪರೀಕ್ಷೆಯಿದೆ. ಹುಡುಗನನ್ನು ಕೂರಿಸುವುದು ಬೇಡ ಎಂದು ಕಟ್ಟುನಿಟ್ಟಾಗಿ ಹೇಳಿ, ಬರಿಯ ಜೀನು ಹಾಕಿಸಿ, ಹೊಟ್ಟೆಪಟ್ಟಿ ಬಿಗಿದ ಮೇಲೆ ಮಾರುವವರಿಂದಲೇ ಹಗ್ಗ ಹಿಡಿಸಿ ಒಂದೇ ಹೆಜ್ಜೆ ಪಕ್ಕಕ್ಕೆ ಇಡಿಸಿ. ಸಲೀಸಾಗಿ ಹೆಜ್ಜೆ ಇಟ್ಟು, ಬಾಯಿ ಚಪ್ಪರಿಸಿ, ನಿಂತರೆ ಸರಿ. ಬೆನ್ನು ಕಮಾನಿನಂತೆ ಎತ್ತಿ ಮರಗಟ್ಟಿದಂತೆ ನಡೆದರೆ, ಇಲ್ಲವೇ ಕಾಲು ಕೀಳಲೇ ಒಪ್ಪದಿದ್ದರೆ, ಅವರು ನಿಮ್ಮೆದುರು ತೋರಿಸಿದ ಶಾಂತಿ ಎಂಥದೆಂದು ತಿಳಿಯಿತು. ಅಂಥ ಮರಿ ಕೆಟ್ಟದ್ದೆಂದು ಅರ್ಥವಲ್ಲ. ಅದನ್ನು ಯಾರೋ ಅವಸರ ಮಾಡಿದ್ದಾರೆ ಎಂದು ಅರ್ಥ. ಸರಿಪಡಿಸಬಹುದು. ಆದರೆ ಅದು ಅನುಭವಿಗಳ ಕೆಲಸ, ವಾರಕ್ಕೊಂದು ಪಾಠ ಕಲಿತವರದಲ್ಲ.

ವಯಸ್ಸಿನ ಮಾತಿಗೆ ಬರೋಣ. ಥರೋಬ್ರೆಡ್‌ಗಳು ಎರಡನೇ ವರ್ಷಕ್ಕೇ ರೇಸಿಗೆ ಇಳಿಯುವುದನ್ನು ನೋಡಿದವರಿಗೆ ಮೂರು ವರ್ಷ ತಡವಾಯಿತೇನೋ ಎನ್ನಿಸುತ್ತದೆ. ಕಾಬ್ ನಿಧಾನಕ್ಕೆ ಬಲಿಯುವ ಕುದುರೆ. ಎಳೆಯ ಮೂಳೆಗಳ ತುದಿಯಲ್ಲಿ ಬೆಳವಣಿಗೆಯ ಪದರ ಇರುತ್ತದೆ. ಅದು ಗಟ್ಟಿ ಮೂಳೆಯಾಗುವುದು ಕೆಳಗಿನಿಂದ ಮೇಲಕ್ಕೆ. ಗೊರಸಿನ ಹತ್ತಿರದವು ಮೊದಲ ವರ್ಷದಲ್ಲೇ ಮುಚ್ಚಿಕೊಳ್ಳುತ್ತವೆ, ಮುಂಗಾಲಿನ ಮಂಡಿಯ ಮೇಲಿನವು ಎರಡು-ಎರಡೂವರೆ ವರ್ಷಕ್ಕೆ. ಬೆನ್ನುಮೂಳೆಯದು ಎಲ್ಲಕ್ಕಿಂತ ಕೊನೆ, ಐದೂವರೆ-ಆರು ವರ್ಷವಾಗುತ್ತದೆ. ನಾವು ಜೀನು ಹಾಕುವುದು ಅದೇ ಬೆನ್ನಿನ ಮೇಲೆ. ಹಾಗೆಂದು ಆರು ವರ್ಷದವರೆಗೆ ಮುಟ್ಟಲೇಬಾರದು ಎಂದಲ್ಲ. ನಾಲ್ಕರ ಆಸುಪಾಸಿನಲ್ಲಿ ಹಗುರವಾಗಿ, ಹದಿನೈದು ಇಪ್ಪತ್ತು ನಿಮಿಷ, ನಡಿಗೆಯಲ್ಲೇ ಶುರುಮಾಡಿ, ನಡುನಡುವೆ ತಿಂಗಳುಗಟ್ಟಲೆ ಬಿಡುವು ಕೊಟ್ಟು, ಐದಾದ ಮೇಲೆ ಕೆಲಸ ಹೆಚ್ಚಿಸುವುದು ಸರಿಯಾದ ದಾರಿ.

ನಿಮ್ಮ ತೂಕದ ಬಗ್ಗೆ ಚಿಂತೆ ಬೇಡ. ನೀವು ಮತ್ತು ಜೀನು ಸೇರಿ 80 ಕಿಲೋ ಎಂದಿಟ್ಟುಕೊಳ್ಳಿ. 450 ಕಿಲೋ ತೂಗುವ, ಬೆಳೆದ, ಮೈ ಕಟ್ಟಿದ ಕಾಬ್‌ಗೆ ಅದು ನೂರಕ್ಕೆ ಹದಿನೆಂಟರಷ್ಟು. ರೂಢಿಯಲ್ಲಿರುವ ಇಪ್ಪತ್ತರ ಮಿತಿಯೊಳಗೇ ಇದೆ. ಈ ಲೆಕ್ಕ ಬೆಳೆದ ಕುದುರೆಗೆ ಮಾತ್ರ. ಇದನ್ನು ಹಿಡಿದುಕೊಂಡು ಮೂರು ವರ್ಷದ ಬೆನ್ನ ಮೇಲೆ ಹತ್ತಬೇಡಿ.

ಮಾರುವವರು ಮೂರು ಎಂದದ್ದು ನಿಜವಾಗಿಯೂ ಮೂರೇ? ಹಲ್ಲು ನೋಡಿಸಿ. ಮುಂದಿನ ಬಾಚಿಹಲ್ಲುಗಳಲ್ಲಿ ನಟ್ಟನಡುವಿನ ಜೋಡಿ ಎರಡೂವರೆ ವರ್ಷಕ್ಕೆ ಬದಲಾಗುತ್ತದೆ, ಅದರ ಪಕ್ಕದ್ದು ಮೂರೂವರೆಗೆ, ಅಂಚಿನದು ನಾಲ್ಕೂವರೆಗೆ. ಹಾಲುಹಲ್ಲು ಚಿಕ್ಕದು, ಬೆಳ್ಳಗೆ, ಬುಡದಲ್ಲಿ ಕಿರಿದು; ಹೊಸ ಹಲ್ಲು ದೊಡ್ಡದು, ಹಳದಿ ಮಿಶ್ರಿತ. ನಿಮ್ಮ ಕುದುರೆಗೆ ನಡುವಿನ ಜೋಡಿ ದೊಡ್ಡದಾಗಿ ಬಂದು, ಪಕ್ಕದವು ಇನ್ನೂ ಹಾಲುಹಲ್ಲಾಗಿದ್ದರೆ ಮೂರು ಎಂಬುದು ಹೊಂದುತ್ತದೆ. ಎಲ್ಲವೂ ಹಾಲುಹಲ್ಲೇ ಆಗಿದ್ದರೆ ಅದು ಎರಡು ವರ್ಷದ ಮಗು, ಅದರ ಮೇಲೆ ಆಗಲೇ ಹುಡುಗನನ್ನು ಕೂರಿಸಿದ್ದಾರೆ. ಹಲ್ಲು ಬದಲಾಗುವ ಈ ಎರಡು ವರ್ಷ ಬಾಯಿ ಆಗಾಗ ನೋಯುತ್ತಿರುತ್ತದೆ ಎಂಬುದೂ ನೆನಪಿರಲಿ. ಕಡಿವಾಣ ಹಾಕಿದರೆ ತಲೆ ಕೊಡವುವ ಮರಿಯನ್ನು ಮೊಂಡು ಎಂದು ಬಯ್ಯುವ ಮುಂಚೆ ಬಾಯೊಳಗೆ ನೋಡಿಸಬೇಕು.

ಇನ್ನು ಕಾಲಿನ ಕೂದಲು. ಇಲ್ಲಿ ಅದಕ್ಕೆ ಫೆದರ್ ಎನ್ನುತ್ತಾರೆ. ಚಂದವೇನೋ ಚಂದ, ಫೋಟೋದಲ್ಲಿ ಮನಸ್ಸು ಸೆಳೆಯುವುದೂ ಅದೇ. ಕೊಳ್ಳುವವರು ಮಾತ್ರ ಅದರ ಮೇಲೆ ಅಲ್ಲ, ಅದರ ಒಳಗೆ ನೋಡಬೇಕು. ಮಂಡಿಯೂರಬೇಡಿ, ಕುಕ್ಕರಗಾಲಿನಲ್ಲಿ ಪಕ್ಕಕ್ಕೆ ಕುಳಿತು, ಬೆರಳುಗಳಿಂದ ಗಿಣ್ಣಿನ ಹಿಂಭಾಗದ ಕೂದಲನ್ನು ಬೈತಲೆ ತೆಗೆದಂತೆ ಸೀಳಿ ಚರ್ಮ ಕಾಣುವವರೆಗೂ ಹೋಗಿ. ಚರ್ಮ ನಯವಾಗಿ ಒಣಗಿರಬೇಕು. ಹಕ್ಕಳೆ, ಒದ್ದೆ, ಕಮಟು ವಾಸನೆ ಇದ್ದರೆ, ಕುದುರೆ ನಿಂತಲ್ಲೇ ಕಾಲು ಅಪ್ಪಳಿಸುತ್ತಿದ್ದರೆ, ಒಂದು ಕಾಲಿನಿಂದ ಇನ್ನೊಂದನ್ನು ಉಜ್ಜಿಕೊಳ್ಳುತ್ತಿದ್ದರೆ, ಕೋರಿಯಾಪ್ಟಿಸ್ ಎಂಬ ನುಸಿ ಇರುವ ಸಂಭವ ಹೆಚ್ಚು. ಫೆದರ್ ಇರುವ ಕುದುರೆಗಳಲ್ಲಿ ಇದು ತೀರ ಸಾಮಾನ್ಯ. ಕೂದಲು ಕತ್ತರಿಸಿ ಔಷಧಿ ಮಾಡಿದರೆ ಹತೋಟಿಗೆ ಬರುತ್ತದೆ, ಆದರೆ ಮರಳಿ ಮರಳಿ ಬರುತ್ತದೆ. ಕೊಳ್ಳದಿರಲು ಅದೊಂದೇ ಕಾರಣ ಸಾಲದು.

ಬೆರಳಿಗೆ ಚರ್ಮದ ಮಡಿಕೆಗಳು, ಗಟ್ಟಿ ಗಂಟುಗಳು ಸಿಕ್ಕಿದರೆ ಅದು ಬೇರೆಯೇ ಮಾತು. ದುಗ್ಧರಸ ಕಾಲಿನಿಂದ ಮೇಲಕ್ಕೆ ಸರಿಯಾಗಿ ಹರಿಯದೆ ವರ್ಷದಿಂದ ವರ್ಷಕ್ಕೆ ಕಾಲು ದಪ್ಪಗಾಗುತ್ತಾ ಹೋಗುವ ಕಾಯಿಲೆಯೊಂದಿದೆ. ಫೆದರ್ ಇರುವ ಕಾಬ್, ಶೈರ್, ಕ್ಲೈಡ್ಸ್‌ಡೇಲ್ ಕುದುರೆಗಳನ್ನು ಕಾಡುತ್ತದೆ. ಅದನ್ನು ಗುಣಪಡಿಸುವ ಔಷಧಿ ಇಲ್ಲ, ಜೀವಮಾನವಿಡೀ ನೋಡಿಕೊಳ್ಳಬೇಕು. ಮೂರು ವರ್ಷಕ್ಕೇ ಅದರ ಗುರುತು ಕಂಡರೆ ಕೊಳ್ಳಬೇಡಿ ಎಂದೇ ನನ್ನ ಸಲಹೆ. ಕಾಲು ಮುಟ್ಟಲು ಕುದುರೆ ಬಿಡುವುದೇ ಇಲ್ಲ ಎಂದಾದರೆ ಅದೂ ಒಂದು ಉತ್ತರವೇ. ನೋವಿರಬಹುದು, ಇಲ್ಲವೇ ಅದರ ಕಾಲನ್ನು ಯಾರೂ ಎತ್ತಿ ಅಭ್ಯಾಸ ಮಾಡಿಸಿಲ್ಲದಿರಬಹುದು.

ಜೂಲನ್ನೂ ನೋಡಿ. ಪೂರ್ತಿ ಬೋಳಿಸಿದ್ದರೆ ಯಾಕೆಂದು ಕೇಳಿ. ಕಾಬ್‌ಗಳ ಜೂಲು ಬೋಳಿಸುವ ಪದ್ಧತಿ ಇದೆ, ಹಾಗಾಗಿ ಸಂಶಯಪಡಲೇಬೇಕೆಂದಿಲ್ಲ. ಆದರೆ ಬೇಸಿಗೆಯ ಸಣ್ಣ ನೊಣಗಳ ಕಡಿತದಿಂದ ಬರುವ ತುರಿಕೆಯಲ್ಲಿ ಕುದುರೆ ಜೂಲನ್ನೂ ಬಾಲದ ಬುಡವನ್ನೂ ಕಂಬಕ್ಕೆ ತಿಕ್ಕಿ ತಿಕ್ಕಿ ಹುಣ್ಣು ಮಾಡಿಕೊಳ್ಳುತ್ತದೆ, ಬೋಳಿಸಿದರೆ ಅದು ಮರೆಯಾಗುತ್ತದೆ. ಚಳಿಗಾಲದಲ್ಲಿ ಈ ತೊಂದರೆ ಕಾಣುವುದೇ ಇಲ್ಲ. ಕಳೆದ ಬೇಸಿಗೆಯ ಫೋಟೋಗಳನ್ನು ಕೇಳಿ ಪಡೆಯಿರಿ.

ಕಾಬ್ ಸಾಕುವವರ ದೊಡ್ಡ ಶತ್ರು ಹುಲ್ಲು. ಗಾಳಿ ಕುಡಿದೇ ದಪ್ಪವಾಗುವ ಜಾತಿ ಇದು. ಬಡ ಮೇವಿನಲ್ಲಿ ದುಡಿದು ಬದುಕಲು ಒಗ್ಗಿಕೊಂಡ ಮೈ, ಯಾರ್ಕ್‌ಶೈರ್‌ನ ವಸಂತದ ಹಸಿರಿನಲ್ಲಿ ಬಿಟ್ಟರೆ ತಡೆದುಕೊಳ್ಳುವುದಿಲ್ಲ. ಕೊಬ್ಬಿದ ಕಾಬ್‌ಗೆ ಇನ್ಸುಲಿನ್ ಹದ ತಪ್ಪಿ, ಗೊರಸಿನೊಳಗೆ ಮೂಳೆಯನ್ನು ಹಿಡಿದಿರುವ ಪದರಗಳು ಸಡಿಲಗೊಳ್ಳುವ ಲ್ಯಾಮಿನೈಟಿಸ್ ಬರುತ್ತದೆ. ಅತಿಯಾದ ನೋವಿನ ಕಾಯಿಲೆ, ಎಷ್ಟೋ ಕುದುರೆಗಳಿಗೆ ಅದರಿಂದಾಗಿಯೇ ದಯಾಮರಣ ಕೊಡಬೇಕಾಗುತ್ತದೆ. ಇಲ್ಲಿ ಜನ ‘ಕಾಬ್ ಇರುವುದೇ ಹೀಗೆ ದಪ್ಪಗೆ’ ಎಂದು ನಂಬಿಬಿಟ್ಟಿದ್ದಾರೆ. ಅಂಗೈ ಇಟ್ಟು ನೋಡಿ: ಕಣ್ಣಿಗೆ ಪಕ್ಕೆಲುಬು ಕಾಣಬಾರದು, ಸ್ವಲ್ಪ ಒತ್ತಿದರೆ ಕೈಗೆ ಸಿಗಬೇಕು. ಕತ್ತಿನ ಮೇಲಂಚು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಾಗಬೇಕು. ಗಟ್ಟಿಯಾಗಿ ನಿಂತಿದ್ದರೆ ಕೊಬ್ಬು ತುಂಬಿದೆ ಎಂದರ್ಥ. ತೂಕವನ್ನು ಟೇಪಿನಲ್ಲೇ ಅಂದಾಜು ಮಾಡಬಹುದು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರ್‌ನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ಭುಜದ ಮುಂತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, 11,877ರಿಂದ ಭಾಗಿಸಿ. ಸುತ್ತಳತೆ 180, ಉದ್ದ 160 ಇದ್ದರೆ ಸುಮಾರು 436 ಕಿಲೋ. ಬೆಳೆಯುತ್ತಿರುವ ಮರಿಗೆ ಇದು ಒರಟು ಲೆಕ್ಕ, ಆದರೂ ಎರಡು ವಾರಕ್ಕೊಮ್ಮೆ ಅದೇ ಜಾಗದಲ್ಲಿ ಅಳೆದು ಬರೆದಿಟ್ಟರೆ ಏರಿಳಿತ ತಿಳಿಯುತ್ತದೆ. ನೀವು ಕುದುರೆ ಇಡಲಿರುವ, ಹಣ ಪಡೆದು ಕುದುರೆಗೆ ಜಾಗ ಕೊಡುವ ಲಿವರಿ ಯಾರ್ಡ್‌ನವರನ್ನು ಕೇಳಲೇಬೇಕಾದ ಪ್ರಶ್ನೆ: ಹುಲ್ಲುಗಾವಲಿನ ಒಂದು ಭಾಗಕ್ಕೆ ಬೇಲಿ ಹಾಕಿ ಮೇವು ಮಿತಗೊಳಿಸಲು ಬಿಡುತ್ತೀರಾ? ಇಲ್ಲವೆಂದರೆ ಆ ಜಾಗ ಕಾಬ್‌ಗೆ ಸಲ್ಲದು.

ಕಾಗದಪತ್ರದ ಮಾತು ಚಿಕ್ಕದು. ಇಂಗ್ಲೆಂಡಿನಲ್ಲಿ 2020ರ ಅಕ್ಟೋಬರ್ 1ರಿಂದ ಎಲ್ಲ ಕುದುರೆಗಳಿಗೂ ಮೈಕ್ರೋಚಿಪ್ ಕಡ್ಡಾಯ, ಕುದುರೆಯ ಗುರುತಿನ ದಾಖಲೆಯಾದ ಪಾಸ್‌ಪೋರ್ಟ್ ಇಲ್ಲದೆ ಮಾರುವುದು ಕಾನೂನಿಗೆ ವಿರುದ್ಧ. ಚಿಪ್ ಓದಿಸಿ ಪಾಸ್‌ಪೋರ್ಟಿನ ಸಂಖ್ಯೆಯೊಂದಿಗೆ ತಾಳೆ ನೋಡಿ, ಕೊಂಡ 30 ದಿನಗಳೊಳಗೆ ನಿಮ್ಮ ಹೆಸರಿಗೆ ಬದಲಾಯಿಸಿಕೊಳ್ಳಬೇಕು. ‘ಆಮೇಲೆ ಕಳಿಸುತ್ತೇನೆ’ ಎಂದರೆ ಹಣವನ್ನೂ ಆಮೇಲೆಯೇ ಕೊಡಿ.

ವೈದ್ಯಕೀಯ ತಪಾಸಣೆ ಮಾಡಿಸದೆ ಕೊಳ್ಳುವ ಯೋಚನೆಯೇ ಬೇಡ. 1,800 ಪೌಂಡಿನ ಕುದುರೆಗೆ ತಪಾಸಣೆ ಯಾಕೆ ಎಂದು ಕೇಳುವವರು ಸಿಗುತ್ತಾರೆ. ಕುದುರೆ ಅಗ್ಗವಾಗಿದ್ದರೂ ಅದರ ಕಾಯಿಲೆ ಅಗ್ಗವಲ್ಲ. ಐದು ಹಂತದ ಪೂರ್ಣ ತಪಾಸಣೆಯನ್ನೇ ಮಾಡಿಸಿ. ಸವಾರಿ ಕಲಿಯದ ಮರಿಯನ್ನು ಸವಾರಿಯ ಬದಲು ಉದ್ದ ಹಗ್ಗದಲ್ಲಿ ಸುತ್ತು ತಿರುಗಿಸಿ ನೋಡುತ್ತಾರೆ. ವೈದ್ಯರು ಮಾರುವವರ ವೈದ್ಯರಾಗಿರಬಾರದು. ರಕ್ತದ ಮಾದರಿ ತೆಗೆದು ಆರು ತಿಂಗಳು ಕಾದಿಡುವ ವ್ಯವಸ್ಥೆ ಇದೆ, ಅದಕ್ಕೆ ತಪ್ಪದೆ ಒಪ್ಪಿಕೊಳ್ಳಿ. ಮೌನವಾಗಿ ನಿಂತ ಕುದುರೆ ಮನೆಗೆ ಬಂದ ನಾಲ್ಕನೇ ದಿನಕ್ಕೆ ಬೇರೆಯೇ ಕುದುರೆಯಾದರೆ, ಅಂದು ಅದಕ್ಕೆ ಮಂಪರು ಅಥವಾ ನೋವಿನ ಔಷಧಿ ಕೊಟ್ಟಿದ್ದರೇ ಎಂಬುದು ಆ ರಕ್ತದಲ್ಲಿ ಗೊತ್ತಾಗುತ್ತದೆ. ಸ್ಟ್ರ್ಯಾಂಗಲ್ಸ್ ಎಂಬ ಗಂಟಲ ಸೋಂಕಿನ ಪರೀಕ್ಷೆಯನ್ನೂ ಸೇರಿಸಿ. ಹೊಸ ಯಾರ್ಡ್‌ನ ಇತರ ಕುದುರೆಗಳಿಗೆ ನೀವು ಅಷ್ಟು ಬದ್ಧರು.

ಇಷ್ಟೆಲ್ಲ ಸರಿಯಾದರೂ ಉಳಿಯುವ ಪ್ರಶ್ನೆ ನಿಮ್ಮ ವೇಳೆಯದು. ಪತ್ರದಲ್ಲಿ ನೀವು ಹಣದ ಅಂಕಿ ಬರೆದಿದ್ದೀರಿ, ತೂಕದ ಅಂಕಿ ಬರೆದಿದ್ದೀರಿ, ಪಾಳಿಯ ವಿವರ ಬರೆದಿಲ್ಲ. ಹನ್ನೆರಡು ಗಂಟೆಯ ಪಾಳಿ ಮುಗಿಸಿ ಬರುವ ನರ್ಸ್ ಡಿಸೆಂಬರ್‌ನಲ್ಲಿ ಏನು ಮಾಡುತ್ತೀರಿ? ಸಂಜೆ ನಾಲ್ಕಾಗುವ ಮೊದಲೇ ಕತ್ತಲು. ಕೆಸರು ಮೊಣಕಾಲಿನವರೆಗೆ. ಎಲ್ಲವನ್ನೂ ನೀವೇ ನೋಡಿಕೊಳ್ಳುವ ಬಗೆಯ ಲಿವರಿಯಲ್ಲಿ ದಿನಕ್ಕೆ ಎರಡು ಸಲ ಹೋಗಬೇಕು: ನೀರು, ಒಣಹುಲ್ಲು, ಲಾಯದ ಸಗಣಿ, ಗೊರಸಿನ ಕೆಸರು. ಇದೆಲ್ಲ ಮುಗಿದ ಮೇಲೆ ಉಳಿಯುವ ವೇಳೆಯಲ್ಲಿ ಪಾಠ. ಎಳೆಯ ಕುದುರೆಗೆ ವಾರಾಂತ್ಯದಲ್ಲಿ ಎರಡು ಗಂಟೆ ಕೊಟ್ಟರೆ ಸಾಲದು. ವಾರದಲ್ಲಿ ನಾಲ್ಕೈದು ದಿನ, ದಿನಕ್ಕೆ ಇಪ್ಪತ್ತೇ ನಿಮಿಷ ಆದರೂ ಸರಿ, ಬೆಳಕಿನಲ್ಲಿ, ಅವಸರವಿಲ್ಲದೆ ಕೊಡಬೇಕು.

ಮೊದಲ ವರ್ಷ ಆ ಇಪ್ಪತ್ತು ನಿಮಿಷದಲ್ಲಿ ನಡೆಯುವುದೇನು? ಸವಾರಿ ಅಲ್ಲ. ಹಗ್ಗದಲ್ಲಿ ನಡೆಸುವುದು, ನಿಲ್ಲಿಸುವುದು, ಎರಡು ಹೆಜ್ಜೆ ಹಿಂದಕ್ಕೆ ಸರಿಸುವುದು. ಕೇಳಲು ಏನೂ ಅಲ್ಲವೆನ್ನಿಸುತ್ತದೆ, ಆದರೆ ಕಾಬ್‌ನ ಭವಿಷ್ಯ ತೀರ್ಮಾನವಾಗುವುದು ಇಲ್ಲೇ. ಕತ್ತನ್ನು ಆಚೆ ತಿರುಗಿಸಿ ಭುಜವನ್ನು ನುಗ್ಗಿಸಿದರೆ ಮನುಷ್ಯರ ಕೈಯಿಂದ ಹಗ್ಗ ಜಾರುತ್ತದೆ ಎಂಬುದನ್ನು ಅದು ಒಂದು ಸಲ ಕಲಿತರೆ ಸಾಕು, ಮರೆಸಲು ತಿಂಗಳುಗಳು ಬೇಕು. ಹಾಗಾಗಿ ಭುಜ ನಿಮ್ಮತ್ತ ವಾಲಿದ ಕ್ಷಣವೇ, ಅದು ಎಳೆಯುವ ಮೊದಲೇ, ತಲೆಯನ್ನು ನಿಮ್ಮ ಕಡೆ ತಂದು ಹಿಂಗಾಲನ್ನು ಪಕ್ಕಕ್ಕೆ ಸರಿಸಬೇಕು. ಯಾವ ಕ್ಷಣದಲ್ಲಿ ಎಂಬುದನ್ನು ಬರಹದಿಂದ ಕಲಿಸಲಾಗುವುದಿಲ್ಲ. ಗೊತ್ತಿರುವವರು ಪಕ್ಕದಲ್ಲಿ ನಿಂತು ‘ಈಗ’ ಎನ್ನಬೇಕು. ಗುರುಗಳು ಬೇಡ ಎಂದದ್ದು ಇದನ್ನು ಬಲ್ಲುದರಿಂದ ಎಂದು ನನಗನ್ನಿಸುತ್ತದೆ.

ಆಮೇಲೆ ಎರಡು ಉದ್ದ ಲಗಾಮು ಹಿಡಿದು ಕುದುರೆಯ ಹಿಂದೆ ನಡೆಯುತ್ತಾ ಊರ ರಸ್ತೆಗಳಲ್ಲಿ ಓಡಾಡಿಸುವ ಹಂತ. ಕಾಬ್‌ಗಳಿಗೆ ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಬೆನ್ನ ಮೇಲೆ ಭಾರವಿಲ್ಲದೆ ಟ್ರ್ಯಾಕ್ಟರ್, ಕಸದ ಡಬ್ಬಿ, ಸೈಕಲ್, ಹಾರುವ ಪ್ಲಾಸ್ಟಿಕ್ ಎಲ್ಲವನ್ನೂ ನೋಡುತ್ತದೆ. ಮುಂದೆ ಯಾರೂ ಇಲ್ಲದೆ ತಾನೇ ಮುನ್ನಡೆಯುವ ಧೈರ್ಯ ಬರುತ್ತದೆ. 2022ರಲ್ಲಿ ತಿದ್ದಿದ ಇಲ್ಲಿನ ರಸ್ತೆ ನಿಯಮಗಳ ಪ್ರಕಾರ ವಾಹನಗಳು ಕುದುರೆಯನ್ನು ದಾಟುವಾಗ ಗಂಟೆಗೆ 10 ಮೈಲಿ ಮೀರಬಾರದು, ಕನಿಷ್ಠ 2 ಮೀಟರ್ ಅಂತರ ಬಿಡಬೇಕು. ಎಲ್ಲ ಚಾಲಕರೂ ಪಾಲಿಸುವುದಿಲ್ಲ, ಹಾಗಾಗಿ ಎಳೆಯ ಕುದುರೆಯ ಜೊತೆ ಒಬ್ಬರೇ ರಸ್ತೆಗೆ ಹೋಗಕೂಡದು.

ಒಟ್ಟು ಖರ್ಚಿನಲ್ಲಿ 1,800 ಪೌಂಡ್ ಒಂದು ಚಿಕ್ಕ ಭಾಗ ಮಾತ್ರ. ಲಿವರಿ, ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸುವವರು, ಲಸಿಕೆ, ಹಲ್ಲಿನ ವೈದ್ಯರು, ವಿಮೆ, ತರಬೇತುದಾರರ ಶುಲ್ಕ ಎಲ್ಲವನ್ನೂ ನಿಮ್ಮ ಊರಿನ ದರದಲ್ಲಿ ಬರೆದು ಕೂಡಿ, ಹನ್ನೆರಡು ತಿಂಗಳಿಗೆ ನೋಡಿ. ಮೂರು ವರ್ಷದ ಮರಿಗೆ ಅಳತೆ ಕೊಟ್ಟು ದುಬಾರಿ ಜೀನು ಮಾಡಿಸಬೇಡಿ. ಆರು ತಿಂಗಳಿಗೆ ಬೆನ್ನಿನ ಆಕಾರವೇ ಬದಲಾಗುತ್ತದೆ.

ಕಾಬ್ ಸಾಮಾನ್ಯವಾಗಿ ಇಪ್ಪತ್ತೈದು ವರ್ಷ ದಾಟಿ ಬದುಕುತ್ತದೆ. ಅರ್ಧ ಪಳಗಿದ, ಸವಾರನನ್ನು ಬೀಳಿಸಿದ ಅಭ್ಯಾಸವಾದ ಐದು ವರ್ಷದ ಕಾಬ್‌ಗೆ ಮಾರುಕಟ್ಟೆಯಲ್ಲಿ ಏನಾಗುತ್ತದೆ ಎಂದು ನನಗೆ ಗೊತ್ತು. ಕೈಯಿಂದ ಕೈಗೆ, ಪ್ರತಿ ಸಲ ಇನ್ನೂ ಕಡಿಮೆ ಬೆಲೆಗೆ, ಇನ್ನೂ ಕಡಿಮೆ ಬಲ್ಲವರ ಬಳಿಗೆ ಹೋಗುತ್ತದೆ. ಈ ದೇಶದ ಕುದುರೆ ರಕ್ಷಣಾ ಸಂಸ್ಥೆಗಳ ಗದ್ದೆಗಳಲ್ಲಿ ಅಷ್ಟೊಂದು ಕಪ್ಪು-ಬಿಳುಪು ಕಾಬ್‌ಗಳು ಇರುವುದು ಸುಮ್ಮನೆ ಅಲ್ಲ. ಚೆನ್ನಾಗಿ ಕಲಿತ ಕಾಬ್‌ಗೆ ಮಾತ್ರ ಯಾವಾಗಲೂ ಒಳ್ಳೆಯ ಮನೆ ಸಿಗುತ್ತದೆ. ಅದಕ್ಕೇ ಈ ಎರಡು ವರ್ಷಗಳ ಬಗ್ಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಆ ಸಂಸ್ಥೆಗಳೇ ನಿಮಗೊಂದು ದಾರಿ. ವರ್ಲ್ಡ್ ಹಾರ್ಸ್ ವೆಲ್ಫೇರ್, ರೆಡ್‌ವಿಂಗ್ಸ್‌ನಂಥವು ತಮ್ಮಲ್ಲಿರುವ ಕುದುರೆಗಳನ್ನು ಯೋಗ್ಯರಿಗೆ ಸಾಕಲು ಕೊಡುತ್ತವೆ. ಸಾಮಾನ್ಯವಾಗಿ ಒಡೆತನ ಸಂಸ್ಥೆಯಲ್ಲೇ ಉಳಿಯುತ್ತದೆ. ಅವರು ಕುದುರೆಯ ಸ್ವಭಾವವನ್ನು ಮುಚ್ಚುಮರೆಯಿಲ್ಲದೆ ತಿಳಿಸುತ್ತಾರೆ, ಕೊಟ್ಟ ಮೇಲೂ ಬಂದು ನೋಡುತ್ತಾರೆ, ನಿಮ್ಮಿಂದ ಆಗದಿದ್ದರೆ ಕುದುರೆಗೆ ಮರಳುವ ಜಾಗ ಇರುತ್ತದೆ. ಇಲ್ಲವಾದರೆ ಎಂಟರಿಂದ ಹನ್ನೆರಡು ವರ್ಷದ, ರಸ್ತೆ ಬಲ್ಲ ಕಾಬ್ ಒಂದನ್ನು ಅದರ ಒಡೆಯರೊಂದಿಗೆ ಹಂಚಿಕೊಂಡು ಒಂದು ಚಳಿಗಾಲ ನೋಡಿಕೊಳ್ಳಿ. ಮಾರ್ಚ್ ಬರುವ ಹೊತ್ತಿಗೆ ನಿಮ್ಮ ಪಾಳಿಯೊಂದಿಗೆ ಇದು ಸಾಗುತ್ತದೆಯೇ ಎಂಬುದು ನಿಮಗೇ ತಿಳಿದಿರುತ್ತದೆ.

ಇದೇ ಮರಿಯ ಮೇಲೆ ಮನಸ್ಸು ನಿಂತಿದ್ದರೆ ನನ್ನ ಷರತ್ತುಗಳು ಇವು. ಗುರುಗಳನ್ನು ಕರೆದುಕೊಂಡು ಹೋಗಿ, ಬೇರೆ ಬೇರೆ ಹೊತ್ತಿನಲ್ಲಿ, ಒಮ್ಮೆ ಹೇಳದೆಯೂ, ಕುದುರೆಯನ್ನು ನೋಡಬೇಕು. ತಪಾಸಣೆ ಪೂರ್ತಿಯಾಗಬೇಕು. ವಾರಕ್ಕೊಮ್ಮೆಯಾದರೂ ಬರುವ, ಎಳೆಯ ಕುದುರೆಗಳನ್ನು ಪಳಗಿಸಿ ಬಲ್ಲ ತರಬೇತುದಾರರು ಕೊಳ್ಳುವ ಮೊದಲೇ ಒಪ್ಪಿರಬೇಕು. ಮೊದಲ ಸಲ ಬೆನ್ನೇರುವವರು ಅವರಾಗಬೇಕು, ನೀವಲ್ಲ. ನಿಮಗೆ ಬರಲಾಗದ ದಿನಗಳಿಗೆ ಹಣ ಕೊಟ್ಟು ಗೊತ್ತುಮಾಡಿದ ಆಳು ಬೇಕು. ಯಾರ್ಡ್‌ನಲ್ಲಿ ಅದಕ್ಕೆ ಜೊತೆ ಕುದುರೆಗಳಿರಬೇಕು. ಒಂಟಿಯಾಗಿ ಬೆಳೆದ ಮರಿ ಕುದುರೆಗಳ ನಡತೆಯನ್ನೇ ಕಲಿಯುವುದಿಲ್ಲ. ಈ ಮಧ್ಯೆ ನಿಮ್ಮ ವಾರದ ಪಾಠ ನಿಲ್ಲಬಾರದು, ಏಕೆಂದರೆ ಇನ್ನು ಒಂದೂವರೆ ವರ್ಷ ಸ್ವಂತ ಕುದುರೆಯ ಮೇಲೆ ನೀವು ಸವಾರಿ ಮಾಡುವಂತಿಲ್ಲ.

ಮಗಳ ಬಗ್ಗೆ ಕೇಳಿದ್ದೀರಿ. ಈ ಕುದುರೆಯ ಮೇಲೆ ಅವಳು ಕೂರುವ ಮಾತು ಅದಕ್ಕೆ ಆರು ವರ್ಷ ತುಂಬುವವರೆಗೆ ಬೇಡ, ಆಗಲೂ ತರಬೇತುದಾರರು ಒಪ್ಪಿದರೆ ಮಾತ್ರ. ಅವಳನ್ನು ಸವಾರಿ ಶಾಲೆಯ ಹಳೆಯ ಪೋನಿಗಳ ಮೇಲೆ ಕಲಿಯಲು ಬಿಡಿ. ಮೈ ಉಜ್ಜುವುದು, ಟೇಪ್ ಹಿಡಿದು ಅಳೆದು ಪುಸ್ತಕದಲ್ಲಿ ಬರೆಯುವುದು ಅವಳಿಗೆ ಸಲ್ಲುವ ಕೆಲಸ. ಆಗಲೂ ತಲೆಗೆ ಹೆಲ್ಮೆಟ್ ಇರಲಿ, ಹಗ್ಗ ದೊಡ್ಡವರ ಕೈಯಲ್ಲಿರಲಿ, ಹಿಂಗಾಲಿನ ಕಡೆ ಅವಳು ಸುಳಿಯದಿರಲಿ.